ಕೆಂದ್ಯಾ ಬೆದರಿದ ಶೀಗಿ ಹುಣ್ಣಿಮೆ

ಎಲ್ಲರಿಗೂ ಹದಿನೆಂಟರಲ್ಲಿ ಹಿಡಿದು ಬಿಡುವ ಹುಚ್ಚು ತೇರಗಾಂವದ ಕಿರಾಣಿ ಅಂಗಡಿಯ ವೀರೇಶನಿಗೆ ಮೂವತ್ತೈದರಲ್ಲಿ ಹಿಡಿಯಿತು. ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ ಹೆಂಡತಿಯ ಜೊತೆ ಗೋವಾಕ್ಕೆ ಹೋದವನು ಸಮುದ್ರ ನೋಡಲಿಲ್ಲ, ಗುಡಿ ನೋಡಲಿಲ್ಲ. ಮರಳಿನ ಮೇಲೆ ಯಾರೋ ಓಡಿಸುತ್ತಿದ್ದ ನಾಲ್ಕು ಗಾಲಿಯ ಬೈಕನ್ನೇ ಬಾಯಿ ತೆರೆದು ನೋಡಿದ. ಅದಕ್ಕೆ ಸ್ಪೋರ್ಟ್ಸ್ ಕ್ವಾಡ್ ಅನ್ನುತ್ತಾರೆಂದು ತಿಳಿದುಕೊಂಡ ಮೇಲೆ ಅವನಿಗೆ ಬೇರೇನೂ ರುಚಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಚ್ಚಹೊಸ ಕೆಂಪು ಕ್ವಾಡ್ ಒಂದು ಟೆಂಪೋ ಏರಿ ಅನಮೋಡ ಘಟ್ಟ ಹತ್ತಿ ಬಂತು. ಚೆಕ್‌ಪೋಸ್ಟಿನ ಪೊಲೀಸಪ್ಪ ಟೆಂಪೋದ ಸುತ್ತ ಒಂದು ಸುತ್ತು ಹಾಕಿ, “ಇದು ಗಾಡಿಯೋ, ಆಟಗಿ ಸಾಮಾನೋ?” ಎಂದು ಕೇಳಿದ.

ಮನೆಯ ಮುಂದೆ ಇಳಿಸಿದಾಗ ಓಣಿಗೆ ಓಣಿಯೇ ನೆರೆಯಿತು. ತಾಯಿ ಈರಕ್ಕ ಆರತಿ ಬೆಳಗಿ, ಅದರ ಮೂತಿಗೆ ವಿಭೂತಿ ಎಳೆದು, ನಾಲ್ಕೂ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಗಾಲಿಗಳು ಕುಂಬಳಕಾಯಿಯ ಹಾಗೆ ಉಬ್ಬಿಕೊಂಡಿದ್ದವು. ಗಾಡಿಯನ್ನು ಮುಂದೆ ತಳ್ಳಿದರೆ ನಿಂಬೆಹಣ್ಣುಗಳು ಒಡೆಯುವ ಬದಲು ಹಸಿ ಮಣ್ಣಿನಲ್ಲಿ ಹೂತುಹೋದವು. ಹೆಂಡತಿ ಸುನಂದಾ ಸುತ್ತೆಲ್ಲ ನೋಡಿ, “ಗಾಲಿ ನಾಕ ಅದಾವು, ನಾ ಎಲ್ಲಿ ಕೂಡ್ಲಿ?” ಎಂದಳು. ಸೀಟು ಒಬ್ಬನಿಗೇ ಇತ್ತು. ರಸ್ತೆಗೆ ಇಳಿಸಲು ನೋಂದಣಿಯೂ ಆಗುವುದಿಲ್ಲ, ಹೊಲದಲ್ಲೇ ಓಡಿಸಬೇಕು ಎಂಬುದನ್ನು ವೀರೇಶ ಮನೆಯವರಿಗೆ ಇನ್ನೂ ಹೇಳಿರಲಿಲ್ಲ.

ಬೈಕಿನ ಹಾಗೆ ಹಿಡಿಕೆ ತಿರುವುವುದಲ್ಲ, ಹೆಬ್ಬೆರಳಿನಿಂದ ಒತ್ತಿದರೆ ಅದು ಓಡುತ್ತದೆ. ಇಷ್ಟು ಗೊತ್ತಿದ್ದರೂ ಹತ್ತಿ ಕುಳಿತ ವೀರೇಶನ ಹೆದರಿದ ಕೈ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು, ಹೆಬ್ಬೆರಳು ತಾನಾಗಿ ಒತ್ತಿತು, ಹೊಸ ಗಾಡಿ ನೆಟ್ಟಗೆ ಪಕ್ಕದ ಮನೆಯ ಈಶಪ್ಪನ ತಿಪ್ಪೆ ಹತ್ತಿ ನಿಂತಿತು. ಜನ ನಕ್ಕರು, ವೀರೇಶನೂ ನಕ್ಕ. ಆದರೆ ಈಶಪ್ಪ ಹಲ್ಲು ಕಿಸಿದು ಹೇಳಿದ ಮಾತು ಮಾತ್ರ ಅವನಿಗೆ ನಾಟಿತು.

“ಗಾಡಿ ಭಾರಿ ಐತಿ ವೀರೇಶಪ್ಪಾ. ಖರೇ, ಸಪ್ಪಳ ಮಾತ್ರ ಅರಬಿ ಹೊಲಿಯೂ ಮಶೀನಿನಂಗ ಬರತೈತಿ ನೋಡು.”

ಆ ಒಂದು ಮಾತಿಗೆ ಗಾಡಿಯನ್ನು ಮತ್ತೆ ಟೆಂಪೋದಲ್ಲಿ ಹೇರಿ ಹಳಿಯಾಳಕ್ಕೆ ಒಯ್ದ. ಅಲ್ಲಿ ಗೂಳಪ್ಪನೆಂಬ ಮೆಕ್ಯಾನಿಕ್ ಮುಂದೊಂದು ಬಂಪರ್, ಮೇಲೊಂದು ಸಾಲು ಲೈಟು, ಹಿಂದೆ ತೋಳಿನಷ್ಟು ದಪ್ಪದ ಬೇರೆ ಸೈಲೆನ್ಸರ್ ಹಾಕಿಕೊಟ್ಟ. ಊರಿಗೆ ಬಂದು ಚಾಲೂ ಮಾಡಿದರೆ ಈರಕ್ಕನ ಕೈಯೊಳಗಿನ ಮೊರ ಕೆಳಗೆ ಬಿತ್ತು, ಓಣಿಯ ನಾಯಿಗಳೆಲ್ಲ ಓಡಿಹೋದವು. ಈಶಪ್ಪ ಕಿವಿ ಮುಚ್ಚಿಕೊಂಡ. ಆ ದಿನ ವೀರೇಶ ಎರಡು ರೊಟ್ಟಿ ಜಾಸ್ತಿ ಉಂಡ.

ಅಷ್ಟರಲ್ಲಿ ಶೀಗಿ ಹುಣ್ಣಿಮೆ ಬಂತು. ಭತ್ತದ ಪೈರು ಹೊಡೆ ತುಂಬುವ ಕಾಲ. ಭೂಮಿತಾಯಿ ಬಸುರಿ ಎಂದು ಹೊಲಕ್ಕೆ ಬುತ್ತಿ ಒಯ್ದು, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಎಲ್ಲ ಅಡುಗೆಯನ್ನೂ ಕಲಸಿ ಹೊಲದ ಸುತ್ತ ಚೆಲ್ಲುವುದು ರೂಢಿ. ಅದಕ್ಕೆ ಚರಗ ಎನ್ನುತ್ತಾರೆ. ಮನೆಯ ಗಂಡಸು ‘ಹುಲಿಗ್ಯೋ’ ಎಂದು ಕೂಗುತ್ತ ಚೆಲ್ಲಿಕೊಂಡು ಹೋದರೆ, ಹಿಂದೊಬ್ಬ ನೀರು ಚಿಮುಕಿಸುತ್ತ ಓಗೊಡಬೇಕು. ಅರ್ಧಕ್ಕೆ ನಿಲ್ಲಿಸಬಾರದು. ವೀರೇಶನ ಮನೆಯಲ್ಲಿ ವರ್ಷವೂ ಓಗೊಡುತ್ತಿದ್ದವನು ಲಂಬಾಣಿ ತಾಂಡಾದ ಸೋಮಲಪ್ಪ. ವೀರೇಶನ ಹೊಲ ಉಳುವವನೂ ಅವನೇ, ಬುತ್ತಿ ಒಯ್ಯುವ ಬಂಡಿಯೂ ಅವನದೇ. ಬಂಡಿಯ ಬಲಗಡೆಯ ಎತ್ತು ಕೆಂದ್ಯಾನನ್ನು ಅವನೂ ಹೆಂಡತಿ ಫೂಲಿಬಾಯಿಯೂ ಕರುವಾಗಿದ್ದಾಗಿನಿಂದ ಸಾಕಿದ್ದರು.

ಹೆಂಗಸರು ಬಂಡಿಯಲ್ಲಿ ಬಂದರು, ವೀರೇಶ ಹೊಲದ ದಾರಿಯಲ್ಲಿ ಕ್ವಾಡ್ ಹತ್ತಿ ಬಂದ. ಪೂಜೆ ಮುಗಿಯಿತು. ಈರಕ್ಕ ಚರಗದ ಬುಟ್ಟಿ ಕೈಗಿಟ್ಟರೆ ಇವನು ಅದನ್ನು ತೊಡೆಗಳ ನಡುವೆ ಇಟ್ಟುಕೊಂಡು ಗಾಡಿಯ ಮೇಲೆಯೇ ಕುಳಿತ.

“ನಡಕೊಂತ ಹೋಗೋ ತಮ್ಮಾ,” ಎಂದಳು ಈರಕ್ಕ.

“ಇಷ್ಟಗಲ ಹೊಲ ಯಾವಾಗ ಸುತ್ತೂದು? ಒಂದ ಗಳಿಗ್ಯಾಗ ಸುತ್ತಿ ಬರ್ತೇನಿ ನೋಡು.”

ಗಾಡಿ ಗುಡುಗಿತು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಚರಗ. ನೀರಿನ ತಂಬಿಗೆ ಹಿಡಿದು ಸೋಮಲಪ್ಪ ಹಿಂದೆ ಓಡಿದ. ಹಬ್ಬದ ದಿನ ಓಗೊಡುವವನು ಇಲ್ಲದಂತಾಗಬಾರದಲ್ಲ! ಹಾಗಾಗಿ ಹುಣಸೆ ಮರದ ಕೆಳಗೆ ಹೂಡಿದಂತೆಯೇ ನಿಂತಿದ್ದ ಬಂಡಿಯ ಎತ್ತುಗಳ ಹಗ್ಗ ಹಿಡಿಯುವವರು ಯಾರೂ ಇರಲಿಲ್ಲ. ಫೂಲಿಬಾಯಿ ಬಂಡಿಯ ಮೇಲೆ ನಿಂತು ಉಳಿದ ಬುಟ್ಟಿಗಳನ್ನು ಇಳಿಸುತ್ತಿದ್ದಳು. ಬದುವಿನ ತಿರುವಿನಲ್ಲಿ ಕ್ವಾಡ್ ಮರದ ಪಕ್ಕದಲ್ಲೇ ಅಬ್ಬರಿಸಿಕೊಂಡು ಹಾಯಿತು. ಕೆಂದ್ಯಾ ಮುಂಗಾಲು ಎತ್ತಿದ್ದು, ಬಂಡಿ ವಾಲಿದ್ದು, ಕನ್ನಡಿ ಹಚ್ಚಿದ ಲಂಗವೊಂದು ಬಿಸಿಲಿಗೆ ಫಳ್ಳೆಂದು ಹೊಳೆದು ಕೆಳಗೆ ಬಿದ್ದದ್ದು, ಎಲ್ಲವನ್ನೂ ವೀರೇಶ ಓರೆಗಣ್ಣಿನಲ್ಲಿ ಕಂಡ.

ಹೆಬ್ಬೆರಳು ಒಂದು ಗಳಿಗೆ ಸಡಿಲಾಯಿತು. ಚರಗ ಅರ್ಧಕ್ಕೆ ನಿಲ್ಲಿಸಬಾರದು ಎಂಬ ನೆನಪು ಸರಿಯಾಗಿ ಆಗಲೇ ಬಂತು. ಹುಟ್ಟಿದಾಗಿನಿಂದ ಯಾವ ನೇಮವನ್ನೂ ಅಷ್ಟು ಭಕ್ತಿಯಿಂದ ಪಾಲಿಸದವನು ಅವತ್ತು ಪಾಲಿಸಿದ. ಹೊಲದ ಆಚೆ ತುದಿಗೆ ಹೋಗಿ, ಪೂರ್ತಿ ಸುತ್ತು ಮುಗಿಸಿಕೊಂಡು, ನಿಧಾನವಾಗಿ ಬಂದ.

ಬರುವಷ್ಟರಲ್ಲಿ ಎತ್ತುಗಳನ್ನು ಹಿಡಿದು ಕಟ್ಟಿದ್ದರು. ಹೋಳಿಗೆಗಳು ಕೆಸರಿನಲ್ಲಿ ಬಿದ್ದಿದ್ದವು. ಫೂಲಿಬಾಯಿ ಮುಂಗೈ ಹಿಡಿದುಕೊಂಡು ತುಟಿ ಕಚ್ಚಿ ಕುಳಿತಿದ್ದಳು.

“ಏನಾತು?” ಎಂದ ವೀರೇಶ, ಈಗಷ್ಟೇ ಪರವೂರಿನಿಂದ ಬಂದವನ ಹಾಗೆ.

ಸೋಮಲಪ್ಪ ಏದುಸಿರು ಬಿಡುತ್ತ ಕ್ವಾಡಿನ ಕಡೆ ಒಮ್ಮೆ ನೋಡಿದ, ಆಮೇಲೆ ನೆಲ ನೋಡಿದ. “ಎತ್ತ ಬೆದರಿತ್ರಿ, ಸಾವ್ಕಾರ.”

ಆಗ ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆದರೆ ವೀರೇಶನ ಬಾಯಿಂದ ಬಂದದ್ದು ಬೇರೆ ಮಾತು. “ಇಂಥಾ ಹುಚ್ಚ ಎತ್ತ ಕಟಗೊಂಡು ಏನ ಮಾಡ್ತಿ? ಮಾರಿಬಿಡು ಅತ್ಲಾಗ.”



ಜೀಪು ತರಿಸಿ ಫೂಲಿಬಾಯಿಯನ್ನು ಹಳಿಯಾಳದ ದವಾಖಾನೆಗೆ ಅವನೇ ಕರೆದೊಯ್ದ. ಮುಂಗೈ ಎಲುಬು ಮುರಿದಿತ್ತು, ಪಟ್ಟಿ ಹಾಕಿ ಕಳಿಸಿದರು. ಮರುದಿನ ಅಂಗಡಿಗೆ ಬಂದವರೆಲ್ಲ, “ಮನಿ ಹೆಣ್ಣಮಗಳಂಗ ನೋಡಿದ್ರಿ ಬಿಡ್ರಿ, ನಿಮ್ಮಂಥಾವ್ರು ಸಿಗಂಗಿಲ್ಲ,” ಎಂದು ಹೊಗಳಿದರು. ಪ್ರತಿ ಹೊಗಳಿಕೆಗೂ ವೀರೇಶ ಬೆಲ್ಲ ತೂಗುವುದರಲ್ಲಿ ತಲೆ ತಗ್ಗಿಸಿದ. ಅವರು ಅದನ್ನೂ ವಿನಯವೆಂದು ತಿಳಿದರು. ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಬೈಯುವವರು ಯಾರಾದರೂ ಬರಲಿ ಎಂದು ಕಾಯುವಂತಾಯಿತು.

ಬೈದವಳು ತಾಯಿ, ಅದೂ ಊಟಕ್ಕೆ ಬಡಿಸುತ್ತ. “ಸೋಮಲಪ್ಪ ಕೆಂದ್ಯಾನ್ನ ಬರೂ ಸಂತಿಗೆ ಹೊಡಕೊಂಡ ಹೊಂಟಾನಂತ. ಮೂಕ ಪ್ರಾಣಿ, ಅದಕ್ಕ ಬಾಯಿಲ್ಲ. ನಿನಗ ಐತೆಲ್ಲೋ?”

ವೀರೇಶ ಊಟ ಅರ್ಧಕ್ಕೆ ಬಿಟ್ಟು ಎದ್ದ. ಎದ್ದವನು ನೆಟ್ಟಗೆ ಹೋಗಿ ತಪ್ಪು ಒಪ್ಪಿಕೊಂಡನೇ? ಅದೂ ಇಲ್ಲ. ಮೊದಲು ಗೂಳಪ್ಪನನ್ನು ಊರಿಗೆ ಕರೆಸಿ ಹಳೆಯ ಸೈಲೆನ್ಸರ್ ಹಾಕಿಸಿದ. ಅರ್ಧ ತಪ್ಪು ಅದರಿಂದಲೇ ತೊಳೆದುಹೋಯಿತು ಎಂದುಕೊಂಡು, ಮೆತ್ತಗಾದ ಗಾಡಿಯನ್ನು ತೋರಿಸಲು ಅದನ್ನೇ ಹತ್ತಿ ತಾಂಡಾಕ್ಕೆ ಹೊರಟ.

ಕೆಂದ್ಯಾ ಗುಡಿಸಲಿನ ಮುಂದಿನ ಗೂಟದಲ್ಲಿತ್ತು. ಗಾಡಿ ಅಂಗಳ ಮುಟ್ಟುವ ಮೊದಲೇ ಅದು ಹಗ್ಗ ಹರಿಯುವ ಹಾಗೆ ಹಿಂದೆ ಜಗ್ಗಿ, ಗೋಡೆಗೆ ಮೈ ಒತ್ತಿ, ಗಡಗಡ ನಡುಗಲು ಹತ್ತಿತು. ಮೂಗುದಾರ ಎಳೆದು ಹೊಳ್ಳೆಯಲ್ಲಿ ರಕ್ತ ಜಿನುಗಿತು. ಸೋಮಲಪ್ಪ ಓಡಿಬಂದು ಅದರ ಕೊರಳು ತಬ್ಬಿ ಹಿಡಿದ.

“ಬಂದ್ ಮಾಡ್ರಿ ಸಾವ್ಕಾರ! ಬಂದ್ ಮಾಡ್ರಿ!”

ವೀರೇಶ ಬಂದ್ ಮಾಡಿದ. ಎತ್ತಿನ ಉಸಿರಾಟ ಅಂಗಳಕ್ಕೆಲ್ಲ ಕೇಳುತ್ತಿತ್ತು.

“ಸೋಮಲಪ್ಪಾ, ತಪ್ಪ ನಂದು. ಎತ್ತಿಂದಲ್ಲ.”

“ಗೊತ್ತೈತ್ರಿ.”

“ಗೊತ್ತಿದ್ದೂ ಅವತ್ತ ಯಾಕ ಅನ್ನಲಿಲ್ಲ?”

“ನೀವ ಅಂತೀರಿ ಅಂತ ಕಾಯ್ದೆ.”

ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ವೀರೇಶ ಹೇಗೋ ತಡೆದುಕೊಳ್ಳುತ್ತಿದ್ದ. “ಮಾರಬ್ಯಾಡ. ಅವತ್ತ ಬಾಯಿಗೆ ಬಂದದ್ದು ಅಂದೆ,” ಎಂದ.

“ನೀವು ಅಂದಿದ್ದಕ್ಕ ಅಲ್ರಿ. ಈಗ ಟ್ರ್ಯಾಕ್ಟರ್ ಸಪ್ಪಳ ಕೇಳಿದ್ರೂ ಹಿಂಗ, ಬಸ್ ಬಂದ್ರೂ ಹಿಂಗ. ಬಂಡಿಗೆ ಹೂಡಿದ್ರ ಮತ್ತೊಬ್ಬರ ಕೈ ಮುರೀತೈತಿ.”

“ಹಂಗಾರ ನಮ್ಮ ಹಿತ್ತಲದಾಗ ಕಟ್ಟೂಣು. ಮೇವು ನಾ ನೋಡ್ಕೋತೇನಿ.”

“ನಿಮ್ಮನ್ಯಾಗ ಈ ಗಾಡಿ ನಿಂತಿರತೈತೆಲ್ರಿ,” ಎಂದ ಸೋಮಲಪ್ಪ. “ಇದು ಹೋದ ಮ್ಯಾಲ ಬರ್ರಿ, ಮಾತಾಡೂಣು. ಅಲ್ಲೀತನ ಎತ್ತ ಇಲ್ಲೇ ಇರತೈತಿ.”

ಫೂಲಿಬಾಯಿ ಹೊರಗೆ ಬಂದು, ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೆಂದ್ಯಾನ ಹಗ್ಗ ಹಿಡಿದಳು. ಗಾಡಿಯನ್ನು ಮತ್ತೆ ಚಾಲೂ ಮಾಡುವಂತಿರಲಿಲ್ಲ. ವೀರೇಶ ಗೇರು ಬಿಡಿಸಿ ತಳ್ಳತೊಡಗಿದ. ದಿನ್ನೆಯಲ್ಲಿ ಅದು ಕದಲಲಿಲ್ಲ. ಹಿಂದಿನಿಂದ ಇನ್ನೆರಡು ಕೈ ಬಂದು ಒತ್ತಿದವು.

“ಬ್ಯಾಡೋ ಸೋಮಲಪ್ಪಾ.”

“ಒಬ್ಬರಿಂದ ಆಗಂಗಿಲ್ರಿ. ತಳ್ರಿ.”

ತಾಂಡಾದವರು ಬಾಗಿಲಲ್ಲಿ ನಿಂತು ನೋಡಿದರು. ಯಾರೂ ನಗಲಿಲ್ಲ. ದಿನ್ನೆ ಮುಗಿದಾಗ ಸೋಮಲಪ್ಪ ಧೋತರಕ್ಕೆ ಕೈ ಒರೆಸಿಕೊಂಡು, “ಇಲ್ಲಿಂದ ಚಾಲೂ ಮಾಡಿದ್ರ ಅದಕ್ಕ ಕೇಳಂಗಿಲ್ಲ,” ಎಂದು ಹೊರಳಿ ಹೋದ. ವೀರೇಶ ಚಾಲೂ ಮಾಡಲಿಲ್ಲ. ಊರ ತನಕ ತಳ್ಳಿಕೊಂಡೇ ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

ಕಟ್ಟೆಯ ಮೇಲೆ ನಾಲ್ಕು ಮಂದಿಯ ಜೊತೆ ಕುಳಿತಿದ್ದ ಈಶಪ್ಪ ನಗೆ ತಡೆಯಲಾರದೆ ಕೇಳಿದ. “ಏನಪಾ, ಗಾಡಿ ಕೆಟ್ಟಿತೇನು?”

“ಗಾಡಿ ಚಲೋ ಐತಿ,” ಎಂದ ವೀರೇಶ. ಆಮೇಲೆ ಓಣಿಗೆಲ್ಲ ಕೇಳುವಂತೆ ದನಿ ಎತ್ತಿದ. “ಫೂಲಿಬಾಯಿ ಕೈ ಮುರಿದಾಂವ ನಾನು. ತಪ್ಪ ಎತ್ತಿನ ಮ್ಯಾಲ ಹಾಕಿದಾಂವನೂ ನಾನ.”