ಉಳಿಯುವವರ ಸರದಿ

ಮುರಗೋಡದ ನಿವೃತ್ತ ಸುಬೇದಾರ ನಿಜಗುಣಪ್ಪನವರ ಮನೆಯಲ್ಲಿ ಆ ಇಳಿಹೊತ್ತು ಇತ್ಯರ್ಥವಾಗಬೇಕಿದ್ದದ್ದು ಸಣ್ಣ ವಿಷಯವಲ್ಲ. ಮರುದಿನ ಸಂಜೆ ಎಮ್ಮೆ ಹಿಂಡುವವರು ಯಾರು ಎಂಬುದು. ಅದಕ್ಕಾಗಿ ಅವರು ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ, ತಾವು ಮಾತ್ರ ನಿಂತಿದ್ದರು.

ಮರುದಿನ ತೊರಗಲ್ಲಿನಲ್ಲಿ ಸೊಸೆ ಶೈಲಜಾಳ ತಂಗಿ ಶೀತಲಳ ಕುಬಸ. ಚೊಚ್ಚಲ ಬಸುರಿಗೆ ಹಸಿರು ಬಳೆ ಇಡಿಸಿ ಉಡಿ ತುಂಬುವ ಕಾರ್ಯ. ಮನೆಮಂದಿಗೆಲ್ಲ ಕ್ರೂಸರ್ ಗಾಡಿ ಹೇಳಿಯೂ ಆಗಿತ್ತು. ಶೀತಲಳಿಗೆ ತಾಯಿಯಿಲ್ಲ. ಮೊದಲ ಬಳೆ ಇಡಿಸಬೇಕಾದವಳು ಅಕ್ಕ. ಆದರೆ ಎಮ್ಮೆಗೆ ಇದೆಲ್ಲ ಗೊತ್ತಿರಲಿಲ್ಲ. ಅದು ಶೈಲಜಾ ಕೂತರೆ ಹಾಲು ಬಿಡುತ್ತಿತ್ತು, ಬೇರೆಯವರು ಕೂತರೆ ಒದೆಯುತ್ತಿತ್ತು. ಹೀಗಾಗಿ ಶೈಲಜಾ ಕಿತ್ತೂರಿನ ಮದುವೆಗೆ ಹೋಗಲಿಲ್ಲ, ಬೈಲಹೊಂಗಲದ ಗೃಹಪ್ರವೇಶಕ್ಕೆ ಹೋಗಲಿಲ್ಲ. ಎರಡೂ ಕಡೆಯ ಬುಂದೆ ಲಾಡು ಮಾತ್ರ ಮನೆಯಲ್ಲೇ ಕೂತು ತಿಂದಿದ್ದಳು.

ನಿಜಗುಣಪ್ಪನವರು ನಿವೃತ್ತಿಯ ಮೇಲೆ ಮೊಬೈಲಿನಲ್ಲಿ ಪರದೇಶದ ಹಳೆಯ ಯುದ್ಧಗಳನ್ನು ನೋಡುವ ಚಟಕ್ಕೆ ಬಿದ್ದಿದ್ದರು. ಸದ್ಯ ಮೊದಲ ಮಹಾಯುದ್ಧದ ನ್ಯೂಜಿಲೆಂಡಿನ ಪಲ್ಟಣ ನಡೆದಿತ್ತು.

“ಸಣ್ಣ ದೇಶ. ಆವಾಗ ನಮ್ಮ ಈಗಿನ ಜಿಲ್ಲಾದಷ್ಟೂ ಮಂದಿ ಇರಲಿಲ್ಲ ಅಲ್ಲಿ,” ಎಂದರು. “ಕುರಿ ಸಾಕೋರು, ಹೈನ ಮಾಡೋರು. ಸೀಮಿಗೊಂದು ಕಂಪನಿ ಕಟ್ಟಿದ್ರು. ಬೈಲಹೊಂಗಲದ್ದೊಂದು, ಸವದತ್ತಿದೊಂದು, ರಾಮದುರ್ಗದ್ದೊಂದು ಅಂತ ತಿಳ್ಕೋರಿ. ಕಂಪನಿಗೆ ನಾಲ್ಕು ಪ್ಲಾಟೂನು, ಪ್ಲಾಟೂನಿಗೆ ನಾಲ್ಕು ಸೆಕ್ಷನ್ನು. ಹಡಗ ಹತ್ತಿ ಸಮುದ್ರದಾಚಿ ಹ್ವಾದ್ರು. ಒಂದ ಲಗ್ಗಿ ಒಳಗ ಕಂಪನಿ ಖಲಾಸ್ ಆತಂದ್ರ? ಊರಿಗೂರ ಖಾಲಿ!”

“ಎಮ್ಮಿ ವಿಷಯಕ್ಕ ಬರ್ರಿ,” ಎಂದರು ಹೆಂಡತಿ ಸುಂದರವ್ವ. ಗಂಡನ ಎಷ್ಟೋ ಯುದ್ಧಗಳನ್ನು ಹಪ್ಪಳ ಲಟ್ಟಿಸುತ್ತಲೇ ಕೇಳಿ ಮುಗಿಸಿದವರು ಅವರು.

“ಅಲ್ಲಿಗೇ ಬರಾಕತ್ತೇನಿ. ಲಗ್ಗಿಗೆ ಹೋಗೂ ಮುಂದ, ಕಂಪನ್ಯಾಗಿನ ಪಕ್ಕಾ ಮಂದಿ ಒಂದಿಷ್ಟು ತಗದು ಹಿಂದ ಇಡ್ತಿದ್ರು. ಹ್ವಾದವ್ರು ತಿರುಗಿ ಬರಲಿಲ್ಲಂದ್ರ, ಇವರನ್ನ ಹಿಡಕೊಂಡು ಹೊಸಾ ಕಂಪನಿ ಕಟ್ಟಾಕ. ಹಿಂದ ಉಳಿಯೋದಂದ್ರ ಸಣ್ಣ ಮರ್ಯಾದಿ ಅಲ್ಲ ತಂಗಿ ಅದು,” ಎಂದು ಸೊಸೆಯ ಕಡೆ ತಿರುಗಿದರು.

ಶೈಲಜಾ ಜಂತಿ ನೋಡಿದಳು. ಬರಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಮರ್ಯಾದೆಯ ಜೊತೆ ಜಗಳವಾಡುವುದು ಹೇಗೆ? ಹಿಂದೊಮ್ಮೆ ಎಮ್ಮೆಯ ಒದೆ ತಿಂದಿದ್ದ ಗಂಡ ವಿರೂಪಾಕ್ಷ ತನ್ನ ಕಾಲುಬೆರಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದ.

“ಮಾವಾರ, ಒಂದ ಮಾತ ಕೇಳ್ಲಿ?” ಎಂದಳು. “ಆ ಕಂಪನ್ಯಾಗ ಪ್ರತೀ ಸಲಾನೂ ಅದೇ ಒಬ್ಬಾಂವನ್ನ ಹಿಂದ ಇಡ್ತಿದ್ರೇನ್ರಿ?”

ನಿಜಗುಣಪ್ಪನವರು ಸೊಸೆಗೆ ಸುಳ್ಳು ಹೇಳಬಹುದಿತ್ತು. ಪಲ್ಟಣದ ವಿಷಯದಲ್ಲಿ ಸುಳ್ಳು ಹೇಳುವುದು ಅವರಿಂದಾಗದು.

“ಇಲ್ಲ. ಸರದಿ ಇರ್ತಿತ್ತು. ಒಮ್ಮೊಮ್ಮಿ ಖುದ್ದ ಕ್ಯಾಪ್ಟನ್ನನೂ ಉಳೀತಿದ್ದ.”

ಸುಂದರವ್ವನ ಲಟ್ಟಣಿಗೆ ನಿಂತಿತು.

“ಆತು,” ಎಂದರು ಸುಬೇದಾರರು, ಯಾರೂ ಏನೂ ಕೇಳದಿದ್ದರೂ. “ಈ ಸಲ ನಾ ಉಳೀತೇನಿ. ಈಗಿಂದೀಗ ರಿಹರ್ಸಲ್.”

ಎಮ್ಮೆ ಗುರುತು ಹಿಡಿಯುವುದು ಸೀರೆಯ ವಾಸನೆಯಿಂದ ಎಂಬುದು ಊರಿಗೆಲ್ಲ ಗೊತ್ತು. ಹಿಂಡುವವಳು ಪರವೂರಿಗೆ ಹೋದರೆ ಅವಳ ಹಳೆಯ ಸೀರೆ ಹೊದ್ದು ಕೂಡುವುದು ಹೆಂಗಸರ ಉಪಾಯ. ಆದರೆ ಸುಂದರವ್ವನಿಗೆ ಮಂಡಿನೋವು, ಕುಕ್ಕರಗಾಲಲ್ಲಿ ಕೂಡಲಾಗದು. ಗಂಡಸರು ಈ ಉಪಾಯ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಹಿತ್ತಲಲ್ಲಿ ತನ್ನ ಹಳೆಯ ಸೀರೆ ಹೊದ್ದು ಎಮ್ಮೆಯ ಬಳಿ ಕೂತ ಮಾವನ ತಲೆಯ ಮೇಲೆ ಶೈಲಜಾ ತಾನೇ ಸೆರಗು ಎಳೆದಳು. “ಮಾತಾಡಬ್ಯಾಡ್ರಿ ಮತ್ತ. ದನಿ ಕೇಳಿದ್ರ ಒದೀತೈತಿ.”

ಮಾವ ಮಾತಾಡದೆ ಕೂತದ್ದನ್ನು ಅವಳು ಮೊದಲ ಸಲ ನೋಡಿದಳು. ಎಮ್ಮೆ ಮೂಸಿತು, ಅನುಮಾನಿಸಿತು, ಮತ್ತೆ ಮೆಲುಕಾಡತೊಡಗಿತು. ಚರಿಗೆಯ ತಳದಲ್ಲಿ ಹಾಲು ಚರ್ರೆಂದಿತು. ಶೈಲಜಾಳ ಕಣ್ಣಿಗೆ ತೊರಗಲ್ ಕೋಟೆಯ ಅಗಸಿ ಬಾಗಿಲು ಕಟ್ಟಿತು. ಯಾವ ಸೀರೆ ಉಡುವುದು ಎಂದು ಆಗಲೇ ಯೋಚಿಸತೊಡಗಿದ್ದಳು.

ಆಗ ಹಿತ್ತಲಗೋಡೆಯ ಮೇಲೆ ಪಕ್ಕದ ಮನೆಯ ಲಕ್ಕಪ್ಪನ ತಲೆ ಮೂಡಿತು. ಸೀರೆ ನೋಡಿದ, ಸೀರೆಯೊಳಗಿನ ಮೀಸೆ ನೋಡಿದ. ನಗಲಿಲ್ಲ, ಅದೇ ಕೆಟ್ಟದ್ದು. ಸೆಟೆದು ನಿಂತು ಸೆಲ್ಯೂಟ್ ಹೊಡೆದ.

“ಜೈಹಿಂದ್ ಸುಬೇದಾರ್ರ! ಹೊಸಾ ಯೂನಿಫಾರಂ ಭಾಳ ಛಂದ ಒಪ್ಪೇತಿ. ಬಸ್ ಸ್ಟ್ಯಾಂಡಿನ್ಯಾಗ ಎಲ್ಲಾರಿಗೂ ಹೇಳ್ತೇನಿ ತಗೋರಿ, ಖುಷಿ ಪಡ್ತಾರ.”

ತಲೆ ಮರೆಯಾಯಿತು. ಎಮ್ಮೆ ಕದಲಲಿಲ್ಲ. ಸುಬೇದಾರರ ಬೆರಳು ನಿಂತವು.

“ಹಿಂಡ್ರಿ ಮಾವಾರ,” ಎಂದಳು ಶೈಲಜಾ ಮೆಲ್ಲಗೆ. “ಅಂವಾ ಹ್ವಾದ.”

ಅವರು ಎದ್ದು ಸೀರೆ ತೆಗೆದರು. ಬ್ಯಾರಕ್ಕಿನಲ್ಲಿ ಕಂಬಳಿ ಮಡಚುವಂತೆ ಅಂಚಿಗೆ ಅಂಚು ಕೂಡಿಸಿ ಮಡಚಿ, ಸೊಸೆಯ ಕೈಗಿಟ್ಟರು. ಮುಖ ನೋಡಲಿಲ್ಲ.

“ಈ ಸರ್ತಿ ನೀನ ಉಳಿ ತಂಗಿ. ಮುಂದಿನ ಸರ್ತಿ ಖರೇನ ನಾ.”

“ಕುಬಸ ಒಂದ ಸಲ ಮಾಡ್ತಾರ್ರಿ ಮಾವಾರ.”

ಅವರಿಗೆ ಕೇಳಿಸಿತು. ಕೇಳಿಸಿಕೊಂಡೇ ಒಳಗೆ ಹೋದರು.

ಅರ್ಧಕ್ಕೆ ನಿಂತ ಹಾಲು ಹಿಂಡಲು ಶೈಲಜಾ ಕೂತಳು. ಪಡಸಾಲೆಯ ಮೊಬೈಲಿನಿಂದ ತೋಪಿನ ಸದ್ದು ಬರತೊಡಗಿತು.

ಮರುದಿನ ಶೀತಲಳಿಗೆ ಮೊದಲ ಬಳೆಯನ್ನು ಸುಂದರವ್ವ ಇಡಿಸಿದರು.