ಇಪ್ಪತ್ತೊಂದನೆಯ ಬಿಲ್ಲೆ

ಅದು ಎಸ್ಟೇಟ್ ಟೋಕನ್ ಎಂದು ಅಪ್ಪನಿಗೆ ಹೇಳಿದವನು ನಾನೇ.

ಶನಿವಾರಸಂತೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಜನ ಹಳೆಯ ತಾಮ್ರ ಕೊಟ್ಟು ಹೊಸ ಸ್ಟೀಲ್ ಒಯ್ಯುತ್ತಾರೆ. ನಾನು ಹುಟ್ಟುವ ಮೊದಲು ಹಾಗೆ ಬಂದ ಒಂದು ಹಂಡೆಯ ತಳದ ಮಸಿಯಲ್ಲಿ ಅಪ್ಪನಿಗೆ ಒಂದು ತಾಮ್ರದ ಬಿಲ್ಲೆ ಸಿಕ್ಕಿತ್ತು. ಎಷ್ಟೋ ಮಣ ತಾಮ್ರವನ್ನು ಕರಗಿಸಲು ಕಳಿಸಿದ ಅಪ್ಪ ಅದೊಂದನ್ನು ಮಾತ್ರ ಕಳಿಸಲಿಲ್ಲ. ಅದು ಏನೆಂದು ತಿಳಿಯಬೇಕಿತ್ತು ಅವರಿಗೆ. ಕಲ್ಲೇಶಪ್ಪನಿಗೆ ಇನ್ನೂ ನಿಧಿ ಸಿಗುವುದು ಬಾಕಿ ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು.

ಒಂಬತ್ತು ವರ್ಷದ ಹಿಂದೆ ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ ಬಂದ ವಾರ ಅಪ್ಪ ಅದನ್ನು ನನ್ನ ಅಂಗೈಯಲ್ಲಿಟ್ಟರು.

"ಇದೇನು ಅಂತ ನೋಡಿ ಹೇಳು ಕಿರಣ. ನೀನು ಓದ್ಲಿ ಅಂತ್ಲೇ ಕಾಯ್ತಿದ್ದೆ."

ನಾನು ಫೋನಿನಲ್ಲಿ ಏನೋ ಓದುತ್ತಿದ್ದೆ. ಹಿಂದೆ ತೋಟಗಳಲ್ಲಿ ಆಳುಗಳಿಗೆ ಕೂಲಿಯ ಲೆಕ್ಕಕ್ಕೆ ಅಂಥ ಬಿಲ್ಲೆ ಕೊಡುತ್ತಿದ್ದರೆಂಬುದು ನೆನಪಾಯಿತು. ಯಾವುದೋ ಎಸ್ಟೇಟ್ ಟೋಕನ್ ಎಂದು ಹೇಳಿ, ಬೆರಳು ಬಿಚ್ಚಿ ನೋಡದೆಯೇ ಅವರ ಕೈಗೆ ಮರಳಿಸಿದೆ. ಅಪ್ಪ ತಲೆಯಾಡಿಸಿ ಅದನ್ನು ಗಲ್ಲಾದ ಡ್ರಾಯರಿಗೆ ಹಾಕಿದರು. ಮತ್ತೆ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು ಅನ್ನಿಸಿತ್ತು. ನಮ್ಮಿಬ್ಬರ ನಡುವೆ ಮಾತು ಮೊದಲಿನಿಂದಲೂ ಕಡಿಮೆ. ಅಂಗಡಿಯಲ್ಲಿ ಪಾತ್ರೆಗಳ ಸದ್ದು ಆ ಕೊರತೆಯನ್ನು ಮುಚ್ಚುತ್ತಿತ್ತು.

ಈ ಫೆಬ್ರವರಿಯಲ್ಲಿ ಅಪ್ಪ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಸಮಾಧಿಯಲ್ಲಿ ಕೂರಿಸುತ್ತಾರೆ. ಮಂತ್ರಾಕ್ಷರ ಬರೆದ ಇಪ್ಪತ್ತೊಂದು ತಾಮ್ರದ ಬಿಲ್ಲೆಗಳನ್ನು ಅಯ್ಯನವರು ಮೈಮೇಲೆ ಇಡುತ್ತಾರೆ. ಅಂದು ಇಪ್ಪತ್ತೇ ಇದ್ದವು. ಮಧ್ಯಾಹ್ನದ ಬಿಸಿಲು, ಸುತ್ತ ಕಾಯುತ್ತಿದ್ದ ಜನ. ಬೆಳಿಗ್ಗೆ ಅಂಗಡಿಯ ಬೀಗದ ಕೈ ಹುಡುಕುವಾಗ ಡ್ರಾಯರಿನಲ್ಲಿದ್ದುದನ್ನೆಲ್ಲ ಬಾಚಿ ಜೇಬಿಗೆ ಹಾಕಿಕೊಂಡಿದ್ದೆ. ಟೋಕನ್ ಬೆರಳಿಗೆ ಸಿಕ್ಕಿತು. ತಾಮ್ರವಾದರೆ ಸಾಕು ಎಂದರು ಅಯ್ಯನವರು. ಮೊಳೆಯಿಂದ ಅದರ ಮೇಲೆ ಅಕ್ಷರ ಗೀಚಿ ಅಪ್ಪನ ತೊಡೆಯ ಮೇಲಿಟ್ಟರು. ಆಮೇಲೆ ವಿಭೂತಿ, ಬಿಲ್ವಪತ್ರೆ, ಉಪ್ಪು, ಮಣ್ಣು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ವಾರವಾಗಿತ್ತು. ಬಿಟ್ಟಂಗಾಲದಿಂದ ಧರ್ಮೇಶ್ ಎಂಬವರು ಬಂದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಕೊಡಗಿನ ಹಳೆಯ ತೋಟಗಳ ಟೋಕನ್ ಕೂಡಿಡುವ ಹವ್ಯಾಸ ಅವರದು. ಅಪ್ಪ ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ತಿಳಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಅವ್ವ, ನಡುವೆ ನಾನು.

ಹೋದ ವರ್ಷ ಅಪ್ಪ ಮೂರು ಬಸ್ಸು ಬದಲಿಸಿ ಅವರ ಮನೆಗೆ ಹೋಗಿದ್ದರಂತೆ, ಟೋಕನ್ ಯಾವ ಎಸ್ಟೇಟಿನದೆಂದು ಕೇಳಲು. ಧರ್ಮೇಶ್ ಫೋಟೋ ತೆಗೆದುಕೊಂಡು ತಿಂಗಳುಗಟ್ಟಲೆ ಹುಡುಕಿದ್ದರು. ಅದು ಜರ್ಮನಿಯ ಮ್ಯೂನ್‌ಸ್ಟರ್ ಎಂಬ ಸೀಮೆಯ ನಾಣ್ಯ, ಮುನ್ನೂರು ವರ್ಷಕ್ಕೂ ಹಳೆಯದು. ಅಲ್ಲಿ ಬಿಷಪ್ಪನೇ ದೊರೆ. ನಾಣ್ಯದ ಮೇಲೆ ಕತ್ತಿ ಹಿಡಿದ ಸಂತ. ಪಕ್ಕದಲ್ಲಿ ಆಮೇಲೆ ಒತ್ತಿದ ಒಂದು ಸಣ್ಣ ಮುದ್ರೆ. ಆ ಮುದ್ರೆಯಿರುವ ನಾಣ್ಯಗಳು ಇನ್ನೆರಡು ಮಾತ್ರ ಅವರಿಗೆ ಪುಸ್ತಕಗಳಲ್ಲಿ ಸಿಕ್ಕಿದ್ದವು. ಇಲ್ಲಿಗೆ ಹೇಗೆ ಬಂತೋ ತಿಳಿಯದು ಎಂದರು.

"ಗುರುಗಳೇ ರಾಜ್ಯ ಆಳ್ತಿದ್ರಾ?" ಅವ್ವ ಕೇಳಿದಳು.

"ಹೌದಮ್ಮ. ಮಠನೂ ಅವ್ರದೇ, ಸೈನ್ಯನೂ ಅವ್ರದೇ."

"ಹಂಗಾದ್ರೆ ಜನ ದೂರು ಹೇಳಕ್ಕೆ ಎಲ್ಲಿಗೆ ಹೋಗ್ಬೇಕಿತ್ತು?"

ಧರ್ಮೇಶ್ ಸಣ್ಣಗೆ ನಕ್ಕು ನನ್ನ ಕಡೆ ತಿರುಗಿದರು. "ಇದು ಟೋಕನ್ ಅಲ್ಲ ಅಂತ ಆವತ್ತೇ ಹೇಳಿದ್ದೆ. ನಿಮ್ಮ ತಂದೆ ಒಪ್ಲೇ ಇಲ್ಲ. ನನ್ನ ಮಗ ಎಂ.ಎ. ಮಾಡಿದೋನು, ಅವನೇ ನೋಡಿ ಹೇಳವ್ನೆ, ನಿಮ್ಗೆ ಗೊತ್ತಾಗಕಿಲ್ಲ ಅಂತ ನಂಗೇ ಬೈದು ಎದ್ದು ಹೋದ್ರು."

ಅವ್ವ ನನ್ನನ್ನು ನೋಡಿದಳು.

"ನೋಡಿದ್ಯೇನೋ ನೀನು?"

ಹೌದು ಎಂದುಬಿಡಬಹುದಿತ್ತು. ತಪ್ಪು ಯಾರಿಗಾದರೂ ಆಗುತ್ತದೆ, ಓದಿದವರಿಗೂ.

"ಇಲ್ಲ ಅವ್ವ."

ನಾಣ್ಯ ಒಮ್ಮೆ ಕೈಯಲ್ಲಿ ಹಿಡಿದು ನೋಡಬಹುದೇ ಎಂದು ಧರ್ಮೇಶ್ ಕೇಳಿದಾಗ ನಾನು ಅವ್ವನ ಕಡೆ ನೋಡಿದೆ. ಅವ್ವನೇ ಹೇಳಿದಳು:

"ಅವ್ರ ತೊಡೆ ಮೇಲೈತೆ. ತೆಗಿಯಂಗಿಲ್ಲ."

ಅರ್ಥವಾಗಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಕೇಳಲಿಲ್ಲ.

ಅವ್ವ ಕನ್ನಡಕ ತರಿಸಿಕೊಂಡು, ನಾಣ್ಯದ ಫೋಟೋ ಇದ್ದ ಅವರ ಫೋನನ್ನು ಕೈಗೆ ತೆಗೆದುಕೊಂಡಳು. ಸಂತನ ಹೆಸರೇನು, ಕತ್ತಿ ಯಾಕೆ, ಆ ಸೀಮೆಯಲ್ಲಿ ಏನು ಬೆಳೆಯುತ್ತಿದ್ದರು, ಇದೊಂದು ಬಿಲ್ಲೆಗೆ ಆಗ ಏನು ಬರುತ್ತಿತ್ತು ಎಂದು ಒಂದೊಂದಾಗಿ ಕೇಳಿದಳು. ಅಪ್ಪ ಕೇಳಬಹುದಾಗಿದ್ದ ಪ್ರಶ್ನೆಗಳೇ ಅವೆಲ್ಲ. ಧರ್ಮೇಶ್ ಗೊತ್ತಿದ್ದಷ್ಟು ಹೇಳಿದರು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದರು. ಪರದೆ ಅವಳ ಕಡೆಗಿತ್ತು. ನನಗೆ ಕಾಣುತ್ತಿದ್ದುದು ಅವಳ ಕನ್ನಡಕದಲ್ಲಿ ಮೂಡಿದ್ದ ಬೆಳಕಿನ ಚೌಕ ಮಾತ್ರ. ತೋರಿಸು ಎನ್ನಲು ನನಗೆ ಬಾಯಿ ಬರಲಿಲ್ಲ.

ಸಾಕಾದ ಮೇಲೆ ಅವಳು ಫೋನನ್ನು ಸೆರಗಿನಲ್ಲಿ ಒರೆಸಿ, ನನ್ನ ಎದೆಯ ಮುಂದಿನಿಂದ ಅವರತ್ತ ಚಾಚಿದಳು. ಧರ್ಮೇಶ್ ಈಚೆಯಿಂದ ಕೈ ನೀಡಿದರು. ದಾರಿ ಬಿಡಲು ನಾನು ತುಸು ಹಿಂದೆ ಸರಿದೆ.