ಡಬ್ಬಿ ಕೂಗಿದ ರೇಟು

"ಇನ್ನು ಮೂರೇ ಮೂರು, ಅತ್ತೇ!" ಸೊಸೆ ಮೊಬೈಲನ್ನು ಅತ್ತೆಯ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಮೂರು ಬಂದ್ಬಿಟ್ರೆ ಕರೆಂಟ್ ಮಿಷನ್ ನಮ್ದೇ!"

"ಆಚೆ ತೆಗಿಯೇ, ಸೂಜಿ ನುಂಗಿಬಿಡ್ತೀನಿ," ಎಂದಳು ಅತ್ತೆ. ಅವಳ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ತೊಡೆಯ ಮೇಲೆ ಶಾಲೆಯ ನೀಲಿ ಪ್ಯಾಂಟು. ಬಿಚ್ಚಿದ ಮಡಿಕೆಯ ಹಳೆಯ ಗುರುತನ್ನು ಉಗುರಿನಿಂದ ಉಜ್ಜಿ, ಮಿಷನ್ನಿನ ಪಾದದಡಿಗೆ ತಳ್ಳಿ, ಪೆಡಲ್ ತುಳಿಯತೊಡಗಿದಳು. ತುಳಿದಾಗೆಲ್ಲ ಊದಿದ ಮಂಡಿ ಚುಳುಕ್ಕೆನ್ನುತ್ತಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಸೊಸೆ ಮುಖದಲ್ಲೇ ಓದಿಕೊಳ್ಳುತ್ತಿದ್ದಳು.

ಆ ಮಂಡಿಗಾಗಿಯೇ ಇಷ್ಟೆಲ್ಲ ರಾಮಾಯಣ. ಸಣ್ಣ ಅಂಗಡಿಯವರು ಮೊಬೈಲಿನಲ್ಲಿ ದುಡ್ಡು ತೆಗೆದುಕೊಳ್ಳಲಿ ಎಂದು ಸರ್ಕಾರ ಹೊಸ ಯೋಜನೆ ತಂದಿತ್ತು. ತಿಂಗಳೊಳಗೆ ಗಿರಾಕಿಗಳಿಂದ ಇಷ್ಟು ಸಲ ಹಾಗೆ ದುಡ್ಡು ಬಂದರೆ ಅಂಗಡಿಗೆ ಒಂದು ದೊಡ್ಡ ಮೊತ್ತದ ಪ್ರೋತ್ಸಾಹಧನ. ಸೊಸೆ ಮದುವೆಯಾಗಿ ಬಂದು ಇನ್ನೂ ವರ್ಷವಾಗಿರಲಿಲ್ಲ. ಈ ಮನೆಯಲ್ಲಿ ತಾನಾಗಿ ಹಟ ಹಿಡಿದು ಮಾಡಿದ ಮೊದಲ ಕೆಲಸ ಇದು. ಆ ಹಣ ಬಂದೇ ಬರುತ್ತದೆಂದು ಮಿಷನ್ ಅಂಗಡಿಯಲ್ಲಿ ಮುಂಗಡ ಕೊಟ್ಟೂ ಬಂದಿದ್ದಳು. ಇವತ್ತು ಸಂಜೆ ಆರಕ್ಕೆ ಗಡುವು ಮುಗಿಯುತ್ತಿತ್ತು. ಅಷ್ಟರೊಳಗೆ ಆಗದಿದ್ದರೆ ಮುಂಗಡವೂ ಹೋಯಿತು, ಮುಖವೂ ಹೋಯಿತು.

ನಿಜ ಹೇಳಬೇಕೆಂದರೆ ಕೆಲಸ ಎಂದೋ ಮುಗಿಯಬೇಕಿತ್ತು. ಹೆಂಡತಿಗೆ ಸಹಾಯ ಮಾಡಹೋದ ಗಂಡ ಊಟದ ಬಿಡುವಿನಲ್ಲಿ ಕೂತು ಒಂದೊಂದೇ ನಾಣ್ಯದಷ್ಟು ದುಡ್ಡನ್ನು ತನ್ನ ಮೊಬೈಲಿನಿಂದ ತಾಯಿಯ ಅಂಗಡಿಗೆ ಸಾಲುಸಾಲಾಗಿ ಕಳಿಸಿದ್ದ. ಕಚೇರಿಯವರು ಅಷ್ಟನ್ನೂ ಹೊಡೆದುಹಾಕಿ, ಮನೆಯವರ ದುಡ್ಡು ಲೆಕ್ಕಕ್ಕಿಲ್ಲ, ಮಾಡಿದ ಕೆಲಸಕ್ಕೆ ಬಂದದ್ದಷ್ಟೇ ಲೆಕ್ಕ, ಇನ್ನೊಂದು ಸಲ ಹೀಗಾದರೆ ಅಂಗಡಿಯನ್ನೇ ಕೈಬಿಡುತ್ತೇವೆ ಎಂದು ಎಚ್ಚರಿಸಿದ್ದರು.

"ನನ್ನ ಮಗ ಬಡಿಸೋಕೆ ಹೋದ್ರೆ ಪಾತ್ರೆನೇ ಮಗುಚ್ತಾನೆ," ಎಂದು ಅತ್ತೆ ಆವತ್ತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ದುಡ್ಡು ಬಂದಾಗ ಕೂಗಿ ಹೇಳುವ ಡಬ್ಬಿಯೊಂದನ್ನು ಯೋಜನೆಯವರೇ ಕೊಟ್ಟಿದ್ದರು. ಅತ್ತೆಗೆ ಅದನ್ನು ಕಂಡರಾಗದು. "ನಮ್ಮ ದುಡ್ಡು ನಮಗೆ ಗೊತ್ತಾದ್ರೆ ಸಾಲದಾ? ಬೀದಿಗೆಲ್ಲ ಡಂಗುರ ಸಾರಬೇಕಾ?" ಎಂದು ಅದನ್ನು ಚಿಂದಿ ಬಟ್ಟೆಗಳ ಗಂಟಿನೊಳಗೆ ಹುದುಗಿಸಿಟ್ಟಿದ್ದಳು. ಇಷ್ಟು ದಿನ ಅದು ಮೂಗು ಕಟ್ಟಿದವರಂತೆ ಅಲ್ಲೇ ಗೊಣಗುತ್ತಿತ್ತು. ಇವತ್ತು ಸೊಸೆಗೆ ತಡೆಯಲಾಗಲಿಲ್ಲ. ಗಂಟಿನಿಂದ ತೆಗೆದು, ಒರೆಸಿ, ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟು, ಸದ್ದನ್ನು ಪೂರ್ತಿ ಏರಿಸಿದಳು. ಒಂದೊಂದು ಕೂಗೂ ಕಿವಿತುಂಬ ಕೇಳಬೇಕೆಂದು ಅವಳಾಸೆ.

"ಏನಮ್ಮಾ, ಎಲ್ಲಿಗೆ ಬಂತು?" ಎದುರಿನ ಚಪ್ಪಲಿ ಅಂಗಡಿಯವನು ಅಲ್ಲಿಂದಲೇ ಕೇಳಿದ. ಬೀದಿಯ ಸುದ್ದಿಯೆಲ್ಲ ಅವನ ಬಾಯಿಂದಲೇ ಹೊರಡುತ್ತಿದ್ದುದರಿಂದ ಅವನಿಗೆ ರೇಡಿಯೋ ಎಂದೇ ಹೆಸರು.

"ಮೂರು ಬಾಕಿ, ಅಣ್ಣಾ!"

"ನಂದು ನಿನ್ನೆನೇ ಮುಗೀತು. ನಿಮ್ಮತ್ತೆ ಮಿಷನ್ ಓಡಿದ ಹಾಗೆ ನಿಮ್ಮ ಲೆಕ್ಕಾನೂ ಓಡ್ತಿದೆ ಬಿಡು!"

"ನಿನ್ನ ಚಪ್ಪಲಿಗಿಂತ ನನ್ನ ಮಿಷನ್ ಜಾಸ್ತಿ ದಿನ ಬಾಳಿದೆ ಕಣೋ," ಎಂದಳು ಅತ್ತೆ, ಸೂಜಿಗಳ ಸಂದಿನಿಂದ.

ಅಷ್ಟರಲ್ಲಿ ಬಸ್ ತೊಳೆಯುವವಳು ಬಂದಳು. ಬಸ್ ಡಿಪೋದಿಂದ ನೇರ ಬಂದಿದ್ದಳು. ತೋಳು ಮೊಣಕೈವರೆಗೆ ಒದ್ದೆ, ಮೈಯಿಂದ ಸೋಪಿನ ವಾಸನೆ. ಅವಳ ಮಗನ ಪ್ಯಾಂಟು ಸಿದ್ಧವಾಗಿತ್ತು. ಮೆಟ್ಟಿಲ ಕೆಳಗೆ ನಿಂತೇ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು. ಅತ್ತೆ ಎದ್ದು ಹೋಗಿ, ಪ್ಯಾಂಟನ್ನು ಕೈಗಿಟ್ಟು, ಬಗ್ಗಿ, ಅವಳ ಕಿವಿಯ ಹತ್ತಿರ ಏನೋ ಹೇಳಿದಳು.

ಅತ್ತೆಯ ಪದ್ಧತಿಯೇ ಅದು. ರೇಟನ್ನು ಯಾವತ್ತೂ ಗಟ್ಟಿಯಾಗಿ ಹೇಳಿದವಳಲ್ಲ. ಟೇಪು ಹಿಡಿದು ಬಗ್ಗಿದಾಗಲೋ ಬಟ್ಟೆ ಮಡಿಸಿ ಕೈಗಿಡುವಾಗಲೋ ಮಗುವಿಗೆ ಗುಟ್ಟು ಹೇಳಿದಂತೆ ಹೇಳುತ್ತಿದ್ದಳು. ಅದು ಅವಳ ನಾಜೂಕು ಎಂದೇ ಸೊಸೆ ತಿಳಿದಿದ್ದಳು.

"ಐದು ರೂಪಾಯಿ ಸಂದಾಯವಾಗಿದೆ! ಧನ್ಯವಾದಗಳು!"

ಡಬ್ಬಿಯ ಕೂಗಿಗೆ ಕಂಬದ ಮೇಲಿನ ಕಾಗೆ ಹಾರಿಹೋಯಿತು. "ಎರಡೇ ಬಾಕಿ!" ಎಂದು ಸೊಸೆ ಕುಣಿದಳು. ಅತ್ತೆ ಡಬ್ಬಿಯ ಕಡೆ ತಿರುಗಿ, "ಅದನ್ನ ಯಾಕೆ ಹೊರಗೆ ತಂದೆ?" ಎನ್ನುವಷ್ಟರಲ್ಲಿ, ಕುರ್ಚಿಯಲ್ಲಿ ಕೂತಿದ್ದ ಡಾಕ್ಟರ ಹೆಂಡತಿ ಎದ್ದಳು. ಅವಳ ಮಗನ ಪ್ಯಾಂಟೂ ಈಗಷ್ಟೇ ಮುಗಿದಿತ್ತು. ಅದೇ ಶಾಲೆ, ಅದೇ ನೀಲಿ, ಅದೇ ಮಡಿಕೆ ಬಿಚ್ಚಿ ಉದ್ದ ಮಾಡುವ ಕೆಲಸ. ರೇಟು ಅವಳಿಗೆ ಆಗಲೇ ಕಿವಿಯಲ್ಲಿ ಬಿದ್ದಿತ್ತು. ಮಾತಾಡುತ್ತಲೇ ಮೊಬೈಲ್ ಒತ್ತಿದಳು.

"ಮೂವತ್ತು ರೂಪಾಯಿ ಸಂದಾಯವಾಗಿದೆ! ಧನ್ಯವಾದಗಳು!"

"ಒಂದೇ ಒಂದು!" ಎಂದು ಕೂಗಿದ ಸೊಸೆಯ ದನಿ ಅರ್ಧದಲ್ಲೇ ನಿಂತಿತು. ಡಾಕ್ಟರ ಹೆಂಡತಿ ತನ್ನ ಕೈಯಲ್ಲಿದ್ದ ಪ್ಯಾಂಟನ್ನೂ ಹೊರಗಿನವಳ ಕೈಯಲ್ಲಿದ್ದ ಪ್ಯಾಂಟನ್ನೂ ನೋಡಿದಳು.

"ಏನು ಟೈಲರಮ್ಮಾ, ನನ್ನ ಮಗನ ಕಾಲಿಗೇನು ಚಿನ್ನದ ದಾರ ಹಾಕಿದ್ದೀರಾ? ಅವಳಿಗೆ ಐದು, ನನಗೆ ಮೂವತ್ತಾ?"

ಎದುರಿನಿಂದ ರೇಡಿಯೋ ಒಂದು ಕೈಯಲ್ಲಿ ಚಪ್ಪಲಿ ಹಿಡಿದೇ ರಸ್ತೆಗಿಳಿದ.

"ಇಷ್ಟು ವರ್ಷ ನನ್ನ ಹತ್ರ ಮುಖ ನೋಡಿ ದುಡ್ಡು ತಗೊಂಡ್ರಾ? ವಾಪಸ್ ಹಾಕಿ. ಪೂರ್ತಿ ವಾಪಸ್ ಹಾಕಿ, ಆಮೇಲೆ ಸರಿಯಾದ್ದು ಹೇಳಿ."

ಬಂದದ್ದನ್ನು ಮೊಬೈಲಿನಲ್ಲಿ ಹಿಂದಿರುಗಿಸಿದರೆ ಲೆಕ್ಕವೂ ಒಂದು ಹಿಂದೆ ಹೋಗುತ್ತದೆ. ಗಡಿಯಾರ ಆರರ ಹತ್ತಿರ ಬಂದಿತ್ತು. ಒಂದು ಸುಳ್ಳು ಸೊಸೆಯ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು: ಆ ಐದು ಬರೀ ಮುಂಗಡ, ಉಳಿದದ್ದು ಆಮೇಲೆ ಕೊಡ್ತಾಳೆ. ಹೇಳಿಬಿಟ್ಟರೆ ಎಲ್ಲ ಸರಿಹೋಗುತ್ತದೆ.

"ಡಾಕ್ಟ್ರಮ್ಮಾ, ಅದು ಏನಂದ್ರೆ..." ಎಂದು ಶುರು ಮಾಡಿಯೂಬಿಟ್ಟಳು.

"ನೀನು ಸುಮ್ನಿರು," ಎಂದಳು ಅತ್ತೆ. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು. "ಹೌದು, ಮುಖ ನೋಡೇ ತಗೋತೀನಿ. ಎಲ್ಲರ ಸೊಂಟ ಒಂದೇ ಅಳತೆ ಇರುತ್ತಾ? ಜೇಬೂ ಹಂಗೇ. ನಾನು ಅಳತೆ ತಗೊಂಡೇ ಹೇಳೋದು."

ರೇಡಿಯೋ ಕಿಸಕ್ಕನೆ ನಕ್ಕ. ಡಾಕ್ಟರ ಹೆಂಡತಿ ನಗಲಿಲ್ಲ.

"ಅಕ್ಕಾ," ಎಂದಳು ಬಸ್ ತೊಳೆಯುವವಳು. ಅವಳು ಇನ್ನೂ ಮೆಟ್ಟಿಲ ಕೆಳಗೇ ಇದ್ದಳು. ಸಿಟ್ಟಿಲ್ಲ, ಅಳುವೂ ಇಲ್ಲ, ಕಿವಿಯ ತುದಿ ಮಾತ್ರ ಕೆಂಪಗಾಗಿತ್ತು. "ಈ ಕೆಲಸಕ್ಕೆ ಸರಿಯಾದ ರೇಟ್ ಎಷ್ಟು?"

"ನಿನಗೆ ಅಷ್ಟೇ ಕಣಮ್ಮಾ. ಹೋಗು, ಮಗ ಕಾಯ್ತಿರ್ತಾನೆ."

"ನನಗೆ ಎಷ್ಟು ಅಂತ ಕೇಳಲಿಲ್ಲ. ಕೆಲಸಕ್ಕೆ ಎಷ್ಟು ಅಂತ ಕೇಳಿದೆ."

ಇಂಥ ಪ್ರಶ್ನೆ ಅತ್ತೆಯನ್ನು ಯಾರೂ ಕೇಳಿರಲಿಲ್ಲ. ಕತ್ತಿನ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕೊನೆಗೆ, ಜೀವಮಾನದಲ್ಲಿ ಮೊದಲ ಸಲ, ರಸ್ತೆಗೆ ಕೇಳುವಂತೆ ಹೇಳಿದಳು: "ಹದಿನೈದು."

"ಹಾಗಿದ್ರೆ ನಾನು ಇಷ್ಟು ದಿನ..." ಎಂದ ಬಸ್ ತೊಳೆಯುವವಳು ಮಾತು ಮುಗಿಸಲಿಲ್ಲ. "ನಾನು ಕೇಳಿರಲಿಲ್ವಲ್ಲ ಅಕ್ಕಾ. ಕಡಿಮೆ ಮಾಡಿ ಅಂತ ಒಂದು ದಿನಾನೂ ಕೇಳಿರಲಿಲ್ಲ."

"ಕೇಳೋಳಲ್ಲ ಅಂತಲೇ..." ಅತ್ತೆಯ ದನಿಯೂ ಅಲ್ಲೇ ಕುಸಿಯಿತು.

ಸೊಸೆ ಗಲ್ಲಾಪೆಟ್ಟಿಗೆಯ ಡ್ರಾಯರ್ ಎಳೆದು, ಹದಿನೈದನ್ನು ನಗದಾಗಿಯೇ ತೆಗೆದು ಡಾಕ್ಟರ ಹೆಂಡತಿಯ ಕೈಗಿಟ್ಟಳು. ಆಕೆ ಅದನ್ನು ಎಣಿಸಿ ಪರ್ಸಿಗೆ ಹಾಕಿಕೊಂಡಳು. ನ್ಯಾಯ ನ್ಯಾಯವೇ. ಆದರೆ ಹೊರಡಲಿಲ್ಲ. ಎಲ್ಲರ ಕಣ್ಣೂ ಮೆಟ್ಟಿಲ ಕಡೆಗಿತ್ತು. ಅಲ್ಲಿ ಬಸ್ ತೊಳೆಯುವವಳು ನೀರಿಗೆ ಸುಕ್ಕಾದ ಹೆಬ್ಬೆರಳಿನಿಂದ ಮೊಬೈಲ್ ಒತ್ತುತ್ತಿದ್ದಳು. ಬೆರಳಿನ ಒದ್ದೆಗೆ ಮೊಬೈಲ್ ಒಪ್ಪಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು.

"ಬೇಡ ಕಣೇ," ಎಂದಳು ಅತ್ತೆ ಮೆಲ್ಲಗೆ.

"ಹತ್ತು ರೂಪಾಯಿ ಸಂದಾಯವಾಗಿದೆ! ಧನ್ಯವಾದಗಳು!"

ಅದರ ಹಿಂದೆಯೇ ಸೊಸೆಯ ಕೈಯಲ್ಲಿದ್ದ ಮೊಬೈಲು ಗಂಟೆ ಬಾರಿಸಿದಂತೆ ಸದ್ದು ಮಾಡಿತು. ಪರದೆಯ ತುಂಬ ಬಣ್ಣದ ಚೂರುಗಳು ಉದುರಿದವು. ಗುರಿ ಮುಟ್ಟಿತ್ತು. "ಅತ್ತೇ! ಆಯ್ತು, ಅತ್ತೇ!" ಎಂದು ಕಿರುಚಿ ಅವಳು ಅತ್ತೆಯನ್ನು ತಬ್ಬಿಕೊಂಡಳು. ಟೇಪು, ಸೀಮೆಸುಣ್ಣ, ದಾರದ ಉಂಡೆ ಎಲ್ಲ ನೆಲಕ್ಕೆ ಉರುಳಿದವು. ರೇಡಿಯೋ ರಸ್ತೆಯ ನಡುವೆ ಶಿಳ್ಳೆ ಹೊಡೆದು, "ಟೈಲರಮ್ಮಂಗೆ ಕರೆಂಟ್ ಮಿಷನ್! ಪ್ಯಾಂಟ್ ಉದ್ದ ಮಾಡೋಕೆ ಹದಿನೈದು!" ಎಂದು ಎರಡೂ ಸುದ್ದಿಯನ್ನು ಒಟ್ಟಿಗೇ ಬಿತ್ತರಿಸಿದ. ಡಾಕ್ಟರ ಹೆಂಡತಿಗೂ ನಗು ತಡೆಯಲಾಗಲಿಲ್ಲ.

ಅತ್ತೆ ಮಾತ್ರ ಸೊಸೆಯ ಭುಜದ ಮೇಲಿಂದ ಹೊರಗೆ ನೋಡುತ್ತಿದ್ದಳು.

ಬಸ್ ತೊಳೆಯುವವಳು ಹೋಗಿರಲಿಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಒಳಗೆ ಬಂದಳು. ಕಟ್ಟಿದ್ದ ಪ್ಯಾಂಟನ್ನು ಬಿಚ್ಚಿ ಕತ್ತರಿ ಹಲಗೆಯ ಮೇಲೆ ಹರಡಿದಳು. ಬೆಳಕಿಗೆ ಹಿಡಿದಳು, ತಲೆ ಓರೆ ಮಾಡಿ ನೋಡಿದಳು.

"ಅಕ್ಕಾ, ಈ ಕಾಲಿನ ಇಸ್ತ್ರಿ ಗೆರೆ ಸೊಟ್ಟ ಬಂದಿದೆ," ಎಂದಳು. "ಇನ್ನೊಂದು ಸಲ ಹಾಕಿಕೊಡಿ."

ಅತ್ತೆ ಸೊಸೆಯ ತೋಳು ಬಿಡಿಸಿಕೊಂಡು ಮುಂದೆ ಬಂದಳು. ಕನ್ನಡಕ ಹಾಕಿ ಗೆರೆಯನ್ನು ತುದಿಯಿಂದ ತುದಿಗೆ ನೋಡಿದಳು. ಕೂದಲೆಳೆಯಷ್ಟು ಸೊಟ್ಟ ಇತ್ತು.

"ಹೌದು," ಎಂದಳು.

ಇಸ್ತ್ರಿ ಪೆಟ್ಟಿಗೆಯ ಗುಂಡಿ ಒತ್ತಿ, ಕಾಯುವವರೆಗೆ ನೀರಿನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡಳು. ಡಾಕ್ಟರ ಹೆಂಡತಿ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿಕೊಂಡು ಪಕ್ಕದ ಸ್ಟೂಲಿಗೆ ಸರಿದು ಕೂತಳು. ಬಸ್ ತೊಳೆಯುವವಳು ಕುರ್ಚಿಯಲ್ಲಿ ಕೂತು, ಅಂಗೈಗಳನ್ನು ಮಂಡಿಯ ಮೇಲಿಟ್ಟು, ಕಣ್ಣು ತೆಗೆಯದೆ ಕೆಲಸ ನೋಡತೊಡಗಿದಳು. ಅತ್ತೆ ಬೆರಳು ಅದ್ದಿ ನೀರು ಚಿಮುಕಿಸಿದಳು. ಪೆಟ್ಟಿಗೆ ಮೆಲ್ಲಗೆ ಸರಿಯಿತು, ನೀಲಿ ಬಟ್ಟೆಯಿಂದ ಆವಿ ಎದ್ದಿತು.